ಬಾಚಲೆಯ ಬಲಗೈ

ಶರತ್ಕಾಲದ ಎಳೆಬಿಸಿಲು ಹಿರಿಹೊಳೆಯ ನೀರಿನಿಂದ ಮೇಲೆದ್ದು, ಶಂಖಾವತಿಯ ಕೋಟೆಕೊತ್ತಳಗಳನ್ನು ಒಂದೊಂದಾಗಿ ಬೆಳಗುತ್ತ ಅರಮನೆಯ ಹೊಂಗಳಶದವರೆಗೆ ಏರುವ ಹೊತ್ತಿಗೆ ರಾಜಬೀದಿಯಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಹೊಳೆಯ ಸೋಪಾನಗಳಲ್ಲಿ ಮಾವುತರು ಪಟ್ಟದಾನೆಗಳ ಮೈಯುಜ್ಜಿ, ಹಣೆಗೆ ಅರಿಸಿನ ಕುಂಕುಮಗಳ ಚಿತ್ತಾರ ಬರೆಯುತ್ತಿದ್ದರು. ಕಡಲಾಚೆಯಿಂದ ಬಂದ ಕುದುರೆ ವರ್ತಕರು ತಮ್ಮ ಕುದುರೆಗಳ ಹಲ್ಲು ತೋರಿಸಿ ಬೆಲೆ ಏರಿಸುತ್ತಿದ್ದರು. ಮಲ್ಲರ ಗರಡಿಯಿಂದ ಕೆಮ್ಮಣ್ಣಿನ ಧೂಳೂ ಗಂಧದ ಅಂಗಡಿಗಳಿಂದ ಧೂಪದ ಹೊಗೆಯೂ ಮೇಲೆದ್ದು ಆಕಾಶದಲ್ಲಿ ಒಂದಾಗುತ್ತಿದ್ದವು. ಮಹಾನವಮಿಗೆ ಸಿಂಗರಗೊಂಡ ರಾಜಧಾನಿಯನ್ನು ಮದುವಣಗಿತ್ತಿಗೆ ಹೋಲಿಸುವುದು ಆಸ್ಥಾನಕವಿಗಳ ವಾಡಿಕೆ. ನಾವು ಹಾಗೆ ಹೋಲಿಸುವುದಿಲ್ಲ, ಏಕೆಂದರೆ ಯಾವ ಮದುವಣಗಿತ್ತಿಯ ಮೈಯಿಂದಲೂ ಆನೆಲದ್ದಿಯ ವಾಸನೆ ಬರುವುದಿಲ್ಲ.

ಇಷ್ಟೆಲ್ಲ ಗದ್ದಲದ ನಡುವೆ ಅರಮನೆ ಮಾತ್ರ ಮೌನವಾಗಿತ್ತು. ಪತಿಯನ್ನೂ ಮಗನನ್ನೂ ಒಂದೇ ಯುದ್ಧದಲ್ಲಿ ಕಳೆದುಕೊಂಡು, ಮರುದಿನವೇ ತಾನೇ ಕುದುರೆಯೇರಿ ಆ ಯುದ್ಧವನ್ನು ಗೆದ್ದು ಬಂದು, ಅಂದಿನಿಂದ ಸಿಂಹಾಸನದಲ್ಲಿದ್ದ ಮಹಾದೇವಿ ಹೊನ್ನಲದೇವಿ ಈಗ ಬಾಯಿ ತೆರೆಯುತ್ತಿರಲಿಲ್ಲ. ಆಕೆಯ ಬಲಗೆನ್ನೆಗೆ ಅನಂತವಾತವೆಂಬ ಬೇನೆ ಹತ್ತಿತ್ತು. ಗಾಳಿ ಸೋಕಿದರೆ, ಅನ್ನ ಅಗಿದರೆ, ಒಂದು ಮಾತಾಡಿದರೆ ಸಾಕು, ದವಡೆಯಿಂದ ಕಣ್ಣಿನವರೆಗೆ ಮಿಂಚು ಹೊಡೆದಂತಾಗಿ, ರಣರಂಗದಲ್ಲಿ ಬಾಣ ನಾಟಿದರೂ ಅಳದಿದ್ದ ಹೆಂಗಸು ಗೋಡೆ ಹಿಡಿದು ಕುಸಿಯುತ್ತಿದ್ದಳು. ಆಸ್ಥಾನದ ವೈದ್ಯರು ನಸ್ಯ ಹಾಕಿದರು, ಲೇಪ ಹಚ್ಚಿದರು, ಪಥ್ಯ ಹೇಳಿದರು. ಅವರು ಬಲ್ಲವರೇ, ಮನಸ್ಸಿಟ್ಟೇ ಮಾಡಿದರು, ಆದರೆ ಬೇನೆ ಜಗ್ಗಲಿಲ್ಲ. ಕೊನೆಗೆ ಮಹಾಪ್ರಧಾನ ಚಟ್ಟರಸನು ಅಫೀಮಿನ ಪಾನಕವನ್ನು ಬೆಳ್ಳಿಯ ಬಟ್ಟಲಲ್ಲಿ ತರಿಸಿದನು. ಮೊದಲ ಬಟ್ಟಲನ್ನು ಅವನು ಕನಿಕರದಿಂದಲೇ ಕೊಟ್ಟನೆಂದು ನಾವು ನಂಬುತ್ತೇವೆ. ಆದರೆ ಮಹಾದೇವಿ ಮಂಪರಿನಲ್ಲಿದ್ದಾಗ ರಾಜಮುದ್ರೆ ತನ್ನ ಬೆರಳಿಗೆ ಎಷ್ಟು ಸಲೀಸಾಗಿ ಹೊಂದುತ್ತದೆಂಬುದನ್ನು ಕಂಡ ಮೇಲೆ, ಎರಡನೆಯ ಬಟ್ಟಲಿನಿಂದ ಮುಂದಕ್ಕೆ ಕನಿಕರದ ಪಾಲು ಕಡಿಮೆಯಾಗುತ್ತ ಬಂತು.

ಆ ವರ್ಷ ಮಹಾದೇವಿಗೆ ಅರುವತ್ತು ತುಂಬಿತ್ತು. ಶಂಖಾವತಿಯ ಸಭಾಮಂಟಪದ ಮುಂದೆ ನಿಂತಿರುವ ಶಿಲಾಶಾಸನದಲ್ಲಿ ಮೂಲಪುರುಷನ ಮಗನು ಕೊರೆಸಿದ ಎರಡು ಕಟ್ಟಳೆಗಳಿದ್ದವು, ಪಟ್ಟವೇರುವವರೆಲ್ಲ ಆ ಕಲ್ಲನ್ನು ಮುಟ್ಟಿಯೇ ಪ್ರಮಾಣ ಮಾಡಬೇಕಿತ್ತು. ಅರುವತ್ತು ತುಂಬಿದ ಅರಸರು ವಿಜಯದಶಮಿಯ ದಿನ ಸಿಂಹಾಸನದ ಮುಂದೆ ಎದ್ದು ನಿಂತು, ಉತ್ತರಾಧಿಕಾರಿಯ ಹೆಸರನ್ನು ತಮ್ಮ ಬಾಯಿಂದಲೇ ಮೂರು ಸಲ ಉಚ್ಚರಿಸಬೇಕು. ಉಚ್ಚರಿಸಲಾರದೆ ಹೋದರೆ ಆ ಅಧಿಕಾರ ಮಹಾಪ್ರಧಾನನದು. ಇದು ಮೊದಲನೆಯ ಕಟ್ಟಳೆ. ಮೂಲಪುರುಷನನ್ನು ಶತ್ರುಗಳು ಶಸ್ತ್ರವೈದ್ಯನ ವೇಷದಲ್ಲಿ ಬಂದು ಹಾಸಿಗೆಯಲ್ಲೇ ಕೊಂದಿದ್ದರಿಂದ ಹುಟ್ಟಿದ್ದು ಎರಡನೆಯದು: ರಣಭೂಮಿಯಲ್ಲಲ್ಲದೆ ಬೇರೆಡೆ ಅರಸರ ಚರ್ಮವನ್ನು ಲೋಹದಿಂದ ಭೇದಿಸಿದ ಕೈ, ಅರಸರ ರಕ್ತವನ್ನು ನೆಲಕ್ಕೆ ಬೀಳಿಸಿದ ಕೈ, ಯಾರದೇ ಇರಲಿ, ಮಣಿಕಟ್ಟಿನಲ್ಲಿ ಕಡಿಯಲ್ಪಡತಕ್ಕದ್ದು.

ಮಹಾದೇವಿಗೆ ಉಳಿದಿದ್ದವನು ಮೊಮ್ಮಗ ಪೆರ್ಮಾಡಿ, ಇಪ್ಪತ್ತರ ತರುಣ. ಅವನನ್ನು ಚಟ್ಟರಸನು ಗಡಿಯ ಕೋಟೆಗೆ ಅಟ್ಟಿದ್ದನು. ಪಟ್ಟಕ್ಕೆ ಅವನು ಆರಿಸಿಟ್ಟಿದ್ದುದು ರಾಜವಂಶದ ದೂರದ ಕವಲೊಂದರ ತೊಟ್ಟಿಲ ಕೂಸನ್ನು. ಕೂಸು ಬೆಳೆದು ಮೀಸೆ ಮೂಡುವವರೆಗೆ ರಾಜ್ಯವಾಳುವವರು ಯಾರೆಂದು ಹೇಳಬೇಕಾಗಿಲ್ಲ. ಪಟ್ಟಣಕ್ಕೆಲ್ಲ ಇದು ಗೊತ್ತಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಕಟ್ಟಿದವಳು ಬಾಚಲೆ. ಸೈನಿಕರ ಆರೋಗ್ಯಶಾಲೆಯ ಅಧಿಕಾರಿಣಿ ಅವಳು, ಐವತ್ತರ ವಿಧವೆ, ನಾಲಗೆ ಅವಳ ಸೂಜಿಗಿಂತ ಚೂಪು. ಅವಳ ತಂದೆ ರೇವಿನಲ್ಲಿ ಮಳೆಗಾಲ ಕಳೆಯಲು ನಿಂತ ಚೀನದ ಹಡಗಿನ ವೈದ್ಯನೊಬ್ಬನಿಗೆ ಮನೆಯಲ್ಲಿ ಆಶ್ರಯ ಕೊಟ್ಟು, ಅವನಿಂದ ಸೂಚೀವಿದ್ಯೆಯನ್ನು ಕಲಿತಿದ್ದನು. ಕೂದಲೆಳೆಯಂಥ ಬೆಳ್ಳಿಯ ಸೂಜಿಯನ್ನು ಮೈಯ ಗೊತ್ತಾದ ಸ್ಥಾನಗಳಲ್ಲಿ ಊರಿ, ಮೆಲ್ಲನೆ ತಿರುವಿ, ಬೇನೆಯನ್ನು ಇಳಿಸುವ ವಿದ್ಯೆ ಅದು. ತಂದೆಯಿಂದ ಮಗಳಿಗೆ ಬಂದ ಮೇಲೆ ಅದು ಸೈನ್ಯಕ್ಕೆ ವರವಾಯಿತು. ನಡು ಹಿಡಿದ ಮಾವುತ, ತಲೆಶೂಲೆಯ ಬಿಲ್ಲಾಳು, ಹಳೆಯ ಗಾಯ ಚಳಿಗೆ ಕಾಡುವ ಪದಾತಿ, ಎಲ್ಲರೂ ಅವಳ ಬೈಗುಳ ಕೇಳಿಯೇ ಗುಣವಾಗಿದ್ದರು. ಮುರಿದ ಮೂಳೆಯನ್ನೋ ಕೀವುಗಟ್ಟಿದ ಗಾಯವನ್ನೋ ತಂದರೆ, "ಇದಕ್ಕೆ ಸೂಜಿಯಲ್ಲ, ಶಸ್ತ್ರವೈದ್ಯರು ಬೇಕು. ನಡೆ," ಎಂದು ಬೆನ್ನಿಗೊಂದು ಗುದ್ದಿ ಕಳಿಸುತ್ತಿದ್ದಳು.

ಆ ಮಹಾನವಮಿಗೆ ಮೂರು ತಿಂಗಳ ಮುಂಚೆ, ಆಷಾಢದ ಒಂದು ಮಧ್ಯಾಹ್ನ ಮಹಾದೇವಿಯೇ ಅವಳನ್ನು ಕರೆಸಿದಳು. ಹಲ್ಲು ಕಚ್ಚಿ, ತುಟಿಗಳನ್ನು ಆದಷ್ಟು ಕಡಿಮೆ ಅಲುಗಿಸಿ ಮಾತಾಡಿದಳು.

"ಕಲ್ಲಿನ ಕಟ್ಟಳೆ ಗೊತ್ತೆ, ಬಾಚಲೆ?"

"ಗೊತ್ತು, ದೇವಿ."

"ಲೋಹ ಬಿಟ್ಟು ಮುಳ್ಳಿನಲ್ಲಿ ಚುಚ್ಚಲಾಗದೆ?"

"ಮುಳ್ಳು ಒಳಗೇ ಮುರಿದರೆ ಕೀವಾಗುತ್ತದೆ. ಬೆಳ್ಳಿಯೇ ಬೇಕು."

"ಕೈ ಹೋದೀತು."

"ಹೋದಾಗ ನೋಡಿಕೊಳ್ಳೋಣ. ಈಗಂತೂ ತೋಳಿಗೇ ಅಂಟಿಕೊಂಡಿದೆ. ತಮ್ಮ ಕೈ ಕೊಡಿ."

ಹೊನ್ನಲದೇವಿಗೆ ನಗು ಬಂತು. ನಕ್ಕರೆ ನೋಯುವುದರಿಂದ ಕಣ್ಣಿನಲ್ಲೇ ನಕ್ಕಳು. "ಬೇನೆ ಕೆನ್ನೆಯಲ್ಲಿ. ನೀನು ಕೈ ಹಿಡಿಯುತ್ತೀಯಲ್ಲ?"

"ಬಾವಿಯ ನೀರು ಸೇದಲು ಬಾವಿಗೇ ಇಳಿಯಬೇಕೆ? ಹಗ್ಗ ಹಿಡಿದರೆ ಸಾಕು."

ಹೆಬ್ಬೆರಳಿಗೂ ತೋರುಬೆರಳಿಗೂ ನಡುವಣ ಮೆತ್ತನೆಯ ಮಾಂಸದಲ್ಲಿ ಸೂಜಿ ಇಳಿಯಿತು. ಒಂದು ಹನಿ ರಕ್ತವೂ ಬರಲಿಲ್ಲ. ಬಾಚಲೆ ಸೂಜಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುವುತ್ತಿದ್ದಂತೆ ಮಹಾದೇವಿಯ ಕೈ ಭಾರವಾಯಿತು, ಮೊಳಕೈವರೆಗೆ ಜೋಮು ಏರಿತು. ಮತ್ತೊಂದು ಸೂಜಿ ಪಾದದಲ್ಲಿ, ಇನ್ನೊಂದು ಕಿವಿಯ ಕೆಳಗೆ. ಗವಾಕ್ಷದ ಹೊರಗೆ ಮಳೆ ಹನಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಮಹಾದೇವಿಯ ದವಡೆಯ ಬಿಗುಪು ಸಡಿಲಿ, ಅಫೀಮಿಲ್ಲದೆಯೇ ಆಕೆಗೆ ನಿದ್ರೆ ಬಂತು. ಬಾಚಲೆ ಸೂಜಿಗಳನ್ನು ತೆಗೆದು, ಬಿಸಿನೀರಿನಲ್ಲಿ ಕುದಿಸಿ, ಸೆರಗಿಗೆ ಸಿಕ್ಕಿಸಿಕೊಂಡು ಸದ್ದಿಲ್ಲದೆ ಹೊರಟಳು.

ಹೀಗೆ ಮಳೆಗಾಲ ಕಳೆಯಿತು. ಬೇನೆ ಒಂದೇ ದಿನಕ್ಕೆ ಬಗ್ಗಲಿಲ್ಲ, ಮೊಂಡು ಎತ್ತಿನಂತೆ ಹಿಂದೆ ಮುಂದೆ ಜಗ್ಗಿತು. ಅಫೀಮನ್ನು ತಟ್ಟನೆ ಬಿಡಿಸಿದರೆ ಅಪಾಯವೆಂದು ಬಾಚಲೆ ಅದನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿದಳು, ಉಳಿದುದನ್ನು ಮಹಾದೇವಿ ಹಿತ್ತಿಲ ತಾವರೆಗೊಳಕ್ಕೆ ಸುರಿಯುತ್ತಿದ್ದಳು. ಒಂದು ಬೆಳಗ್ಗೆ ಆಕೆ ಹುರಿಗಡಲೆ ಬೇಕೆಂದು ಕೇಳಿ, ಕಟಕಟನೆ ಅಗಿದು ತಿಂದಳು. ಆ ಸದ್ದು ಕೇಳಿದ ಅಂತಃಪುರದ ಹೆಂಗಸರು ಕಂಬದ ಮರೆಯಲ್ಲಿ ನಿಂತು ಅತ್ತುಬಿಟ್ಟರು.

"ಗುಣವಾಯಿತೆ?" ಎಂದು ಕೇಳಿದಳು ಮಹಾದೇವಿ.

"ಇಲ್ಲ," ಎಂದಳು ಬಾಚಲೆ. ಸುಳ್ಳು ಹೇಳಿ ರೋಗಿಯನ್ನು ಸಂತೋಷಪಡಿಸುವ ಅಭ್ಯಾಸ ಅವಳಿಗಿರಲಿಲ್ಲ. "ಕಳ್ಳ ಊರು ಬಿಟ್ಟಿಲ್ಲ, ಹಿತ್ತಿಲಲ್ಲಿ ಅವಿತಿದ್ದಾನೆ. ಗಾಳಿ, ಗದ್ದಲ, ಸಿಟ್ಟು, ಯಾವುದು ಕರೆದರೂ ಬಂದಾನು. ಬಂದರೆ ಮತ್ತೆ ಅಟ್ಟಬಲ್ಲೆ. ಅಷ್ಟೇ ನನ್ನ ವಿದ್ಯೆ."

"ಸಾಕು. ಒಂದು ಹೆಸರನ್ನು ಮೂರು ಸಲ ಹೇಳುವಷ್ಟು ಕಾಲ ಅವನು ಅವಿತಿದ್ದರೆ ಸಾಕು. ನನ್ನ ಮಗನ ಮಗನಿಗೆ ಸಲ್ಲಬೇಕಾದುದು ಅವನಿಗೇ ಸಲ್ಲಬೇಕು."

ಗುಟ್ಟನ್ನು ರಟ್ಟು ಮಾಡಿದವು ಮೀನುಗಳು. ಒಂದು ಸಂಜೆ ಅಂತಃಪುರಕ್ಕೆ ಬಂದ ಚಟ್ಟರಸನು ತಾವರೆಗೊಳದ ಮೀನುಗಳು ಹೊಟ್ಟೆ ಮೇಲಾಗಿ ತೂಕಡಿಸುತ್ತ ತೇಲುವುದನ್ನು ಕಂಡನು. ಬುದ್ಧಿವಂತನಾದುದರಿಂದ ಅವನು ಮೀನುಗಳನ್ನು ಏನೂ ಕೇಳಲಿಲ್ಲ. ಮರುದಿನ ಬಾಚಲೆಯನ್ನು ತನ್ನ ಮಂದಿರಕ್ಕೆ ಕರೆಸಿಕೊಂಡನು.

"ಕುಳಿತುಕೊಳ್ಳಿ, ವೈದ್ಯರೆ."

"ನಿಂತು ಅಭ್ಯಾಸ, ಮಹಾಪ್ರಧಾನರೆ. ಮಲಗುವುದು ಕೂರುವುದೆಲ್ಲ ನನ್ನ ರೋಗಿಗಳ ಕೆಲಸ."

ಚಟ್ಟರಸನು ಕೋಪಿಸಿಕೊಳ್ಳಲಿಲ್ಲ. ಅವನು ನೀಳಕಾಯದ, ಗಂಭೀರ ಸ್ವರದ ಮನುಷ್ಯ. ಆಡುವ ಮಾತನ್ನು ಮೊದಲು ತಾನೇ ನಂಬಿ ಆಡುತ್ತಿದ್ದುದರಿಂದ ಕೇಳುವವರೂ ನಂಬುತ್ತಿದ್ದರು. "ದೇವಿಯವರು ಮೌನದಲ್ಲಿದ್ದ ಈ ಕಾಲದಲ್ಲಿ ನಾಡಿನ ಗಡಿ ಒಂದು ಗೇಣಾದರೂ ಹಿಂದೆ ಸರಿದಿದೆಯೆ? ಕಾದವನು ನಾನು. ಕುಮಾರ ಪೆರ್ಮಾಡಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಇಂದು ಅವನ ಕೈಗೆ ಮುದ್ರೆ ಬಂದರೆ ನಾಳೆ ಯುದ್ಧ, ನಾಡಿದ್ದು ನಿಮ್ಮ ಆರೋಗ್ಯಶಾಲೆಯ ತುಂಬ ಕೈಕಾಲಿಲ್ಲದವರು. ಅದು ನಿಮಗೆ ಬೇಕೆ?"

"ಇದ್ದೀತು. ರಾಜ್ಯಭಾರ ನನಗೆ ತಿಳಿಯದು. ಆದರೆ ಹೆಸರು ಹೇಳುವ ಬಾಯಿ ದೇವಿಯವರದು. ಆ ಬಾಯನ್ನು ತಾವು ಅಫೀಮಿನಲ್ಲಿ ಅದ್ದಿಟ್ಟಿರಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?"

"ನಿಮ್ಮ ಮೇಲೆ ದೂರು ಕೊಡಲು ನನಗೆ ಒಂದು ಗಳಿಗೆ ಸಾಕು."

"ಕೊಡಿ. ಸೂಜಿ ಚುಚ್ಚಿದಳು ಎನ್ನಬೇಕಾದರೆ ದೇವಿಯವರು ಚೇತರಿಸಿಕೊಂಡರು ಎಂದೂ ಸಭೆಗೆ ಹೇಳಬೇಕಾದೀತು."

ಚಟ್ಟರಸನು ಮೊದಲ ಬಾರಿಗೆ ಅವಳನ್ನು ದಿಟ್ಟಿಸಿ ನೋಡಿದನು. ಬಳಿಕ ನಿಧಾನವಾಗಿ ನುಡಿದನು: "ಹಾಗಾದರೆ ಕೇಳಿ. ಇಂದಿನಿಂದ ಅಂತಃಪುರದ ಬಾಗಿಲು ನಿಮಗೆ ಮುಚ್ಚಿತು. ಸೂಜಿಯಿಲ್ಲದೆ ಬೇನೆ ಮರಳುತ್ತದೆ, ನನಗೆ ಅಷ್ಟು ಸಾಕು. ದಶಮಿಯ ದಿನ ನೀವು ನಿಮ್ಮ ಆರೋಗ್ಯಶಾಲೆಯಲ್ಲೇ ಇದ್ದರೆ ನಿಮ್ಮ ಬಲಗೈ ನಿಮ್ಮದು. ಸಭೆಯ ಹತ್ತಿರ ಸುಳಿದರೆ ಅದು ಕಲ್ಲಿನದು."

ಬಾಚಲೆ ತಲೆಯೆತ್ತಿಕೊಂಡೇ ಹೊರಗೆ ಬಂದಳು. ಆದರೆ ಆರೋಗ್ಯಶಾಲೆಯ ಅಡುಗೆಮನೆಗೆ ಬಂದು ಕದ ಹಾಕಿಕೊಂಡವಳು, ಒಲೆಯ ಮುಂದೆ ಕುಕ್ಕರಿಸಿ ಅತ್ತಳು. ಭಯವಾಗಿತ್ತು. ಭಯಪಡದೆ ವೀರರಾದವರ ಕತೆಗಳನ್ನು ನಾವೂ ಕೇಳಿದ್ದೇವೆ, ನಂಬಿಲ್ಲ. ಆ ಕೈ ಅವಳ ಅನ್ನವಷ್ಟೇ ಆಗಿರಲಿಲ್ಲ. ಚರ್ಮದ ಮೇಲೆ ಹೆಬ್ಬೆರಳು ಇಟ್ಟೊಡನೆ ಬೇನೆಯ ಸ್ಥಾನವನ್ನು ಕಂಡುಹಿಡಿಯುವ ಕೈ ಅದು. ತಂದೆ ಅದನ್ನು ಹಿಡಿದು, ಮೊದಲು ಬಾಳೆಯ ದಿಂಡಿನ ಮೇಲೆ, ಬಳಿಕ ತನ್ನ ತೊಡೆಯ ಮೇಲೆ ಚುಚ್ಚಿಸಿ ಕಲಿಸಿದ್ದನು. ಅದು ಹೋದರೆ ಅವಳೊಂದಿಗೆ ವಿದ್ಯೆಯೂ ಹೋದಂತೆ. ನಾಲ್ಕು ದಿನ ಮನೆಯಲ್ಲಿದ್ದರೆ ಯಾರು ಏನೆಂದಾರು? ಯಾರೂ ಏನೂ ಎನ್ನಲಾರರು. ಅದೇ ಅವಳಿಗೆ ಸಹಿಸಲಾಗಲಿಲ್ಲ.

ನವಮಿಯ ದಿನ ಅಂತಃಪುರದ ದಾಸಿಯೊಬ್ಬಳು ಹೂ ಕೊಳ್ಳುವ ನೆಪದಲ್ಲಿ ಬಂದಳು. "ದೇವಿಯವರಿಗೆ ಬೇನೆ ಮರಳಿದೆ, ಅಕ್ಕ. ಅಫೀಮಿನ ಬಟ್ಟಲನ್ನು ಕಾಲಿಂದ ಒದ್ದರು. ನಾಳೆ ನೀವು ಬರಕೂಡದಂತೆ, ಇದು ಆಜ್ಞೆಯಂತೆ. ಹೇಗಾದರೂ ಸಹಿಸಿ ಹೆಸರು ಹೇಳುತ್ತೇನೆ, ನಿನ್ನ ಕೈಯ ಬಲಿ ನನಗೆ ಬೇಡ ಎಂದರು."

ಅಷ್ಟು ಕೇಳಿದ್ದೇ ಬಾಚಲೆಯ ಭಯವೆಲ್ಲ ಸಿಟ್ಟಾಯಿತು. "ಹೋಗಿ ಹೇಳು: ರೋಗಿಯ ಆಜ್ಞೆಯಂತೆ ನಡೆದ ವೈದ್ಯರನ್ನು ಬಾಚಲೆ ಇದುವರೆಗೆ ಕಂಡಿಲ್ಲ. ಬಂದರೆ ಕೈ ಕಡಿಯುತ್ತೇನೆ ಎಂದು ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಕೈ ಉಳಿಸಲು ಬರಬೇಡ ಎನ್ನುತ್ತಾರೆ. ನನ್ನ ಕೈಯ ವಿಷಯದಲ್ಲಿ ನನ್ನನ್ನು ಬಿಟ್ಟು ಎಲ್ಲರೂ ತೀರ್ಮಾನ ಮಾಡಿಯಾಯಿತು!"

ವಿಜಯದಶಮಿಯ ಮಧ್ಯಾಹ್ನ ಸಭಾಮಂಟಪದ ಮುಂದಣ ಅಂಗಳದಲ್ಲಿ ಸಾಮಂತರು, ದಂಡನಾಯಕರು, ವರ್ತಕರು, ಪುರಜನರು ಕಿಕ್ಕಿರಿದು ನೆರೆದಿದ್ದರು. ಗಡಿಯಿಂದ ಬಂದಿಳಿದ ಪೆರ್ಮಾಡಿ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ಮೊದಲ ಸಾಲಿನಲ್ಲಿ ನಿಂತಿದ್ದನು. ಆ ದಿನ ಬನ್ನಿಯ ಎಲೆ ಹಿಡಿದು ಬಂದವರು ಯಾರೇ ಆಗಲಿ, ಸಿಂಹಾಸನದ ಮೆಟ್ಟಿಲೇರಿ ಅರಸರ ಕೈಗೆ ಕೊಟ್ಟು ನಮಸ್ಕರಿಸಬಹುದಿತ್ತು. ತಡೆಯುವಂತಿರಲಿಲ್ಲ. ಬಾಚಲೆಯೂ ಒಂದು ಹಿಡಿ ಬನ್ನಿಯೆಲೆ ಹಿಡಿದು ಸಾಲಿನಲ್ಲಿ ನಿಂತಳು.

ಸಾಲು ಅರ್ಧ ಕರಗುವಷ್ಟರಲ್ಲಿ ಚಟ್ಟರಸನು ಅವಳನ್ನು ಕಂಡು, ನಾಮೋಚ್ಚಾರದ ಭೇರಿ ಹೊಡೆಯಲು ಸನ್ನೆ ಮಾಡಿದನು. ಭೇರಿ ಮೊಳಗಿತು, ಕಹಳೆಗಳು ಕೂಗಿದವು. ಮಹಾದೇವಿ ಹೊನ್ನಲದೇವಿ ಸಿಂಹಾಸನದಿಂದ ಎದ್ದು ನಿಂತಳು. ಆ ಗದ್ದಲವೇ ಸಾಕಾಯಿತು. ಆಕೆ ಬಾಯಿ ತೆರೆದಳು. ಮುಖದ ಬಲಭಾಗ ಹಿಂಡಿದಂತೆ ಸೊಟ್ಟಗಾಯಿತು. ಕಣ್ಣಿನಿಂದ ನೀರು ಧಾರೆಯಾಗಿ ಹರಿಯಿತು. ಮಾತು ಬರಲಿಲ್ಲ. ಮತ್ತೊಮ್ಮೆ ತೆರೆದಳು. ಗಂಟಲಿನಿಂದ ಬರಿಯ ನರಳಿಕೆ ಬಂತು.

ಚಟ್ಟರಸನು ಮುಂದೆ ಬಂದು ಕೈಯೆತ್ತಿದನು. "ಮಹಾಜನರೆ, ದೇವಿಯವರನ್ನು ಇನ್ನೂ ದಣಿಸುವುದು ಕ್ರೌರ್ಯವಾದೀತು. ಕಲ್ಲಿನ ಕಟ್ಟಳೆಯಂತೆ..."

"ಬನ್ನಿ ಕೊಡುವುದು ಇನ್ನೂ ಮುಗಿದಿಲ್ಲ, ಮಹಾಪ್ರಧಾನರೆ!"

ಬಾಚಲೆ ಮೆಟ್ಟಿಲುಗಳನ್ನು ಏರುತ್ತಿದ್ದಳು. ಕಾವಲಿನ ಭಟರು ಈಟಿಗಳನ್ನು ಅಡ್ಡ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಅವರಲ್ಲಿ ಅವಳ ಸೂಜಿ ತಾಗದ ಬೆನ್ನು ಅಪರೂಪ. ಅವಳು ಬನ್ನಿಯೆಲೆಗಳನ್ನು ಮಹಾದೇವಿಯ ಪಾದದ ಬಳಿ ಇಟ್ಟು, ಆಕೆಯ ಕೈಯನ್ನು ಹಿಡಿದು, ಸೆರಗಿನಿಂದ ಸೂಜಿ ತೆಗೆದು, ಬಿಸಿಲಿನಲ್ಲಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಬೇಡ," ಎಂದು ಮಹಾದೇವಿಯ ಕಣ್ಣು ಹೇಳಿತು.

"ಸುಮ್ಮನಿರಿ, ತಾಯಿ," ಎಂದು ಬಾಚಲೆ ಸೂಜಿಯನ್ನು ಊರಿದಳು.

ಅಂಗಳದಲ್ಲಿ ಹಾಹಾಕಾರವೆದ್ದಿತು. "ಕಟ್ಟಳೆ! ಕಟ್ಟಳೆ!" ಎಂದು ಚಟ್ಟರಸನ ಕಡೆಯವರು ಕೂಗಿದರು. ಬಾಚಲೆ ಅತ್ತ ತಿರುಗಿಯೂ ನೋಡದೆ ಎರಡು ಬೆರಳಲ್ಲಿ ಸೂಜಿಯನ್ನು ತಿರುವುತ್ತ ನಿಂತಳು. ಅದು ಅವಸರಕ್ಕೆ ಬಗ್ಗುವ ವಿದ್ಯೆಯಲ್ಲ. ಸಾಮಂತರು ಕೂಗಾಡಿದರು, ವೃದ್ಧರು ಕಿವಿ ಮುಚ್ಚಿಕೊಂಡರು, ಪೆರ್ಮಾಡಿ ಕತ್ತಿಯನ್ನು ಅರ್ಧ ಹಿರಿದು ಮೆಟ್ಟಿಲಿನ ಬುಡದಲ್ಲಿ ನಿಂತುಬಿಟ್ಟನು. ಅವಳು ಮಾತ್ರ ಮಹಾದೇವಿಯ ಮುಖವನ್ನೇ ನೋಡುತ್ತಿದ್ದಳು. ಕೂಗಿ ಕೂಗಿ ಜನ ದಣಿಯುವ ಹೊತ್ತಿಗೆ ಹುಬ್ಬಿನ ಗಂಟು ಬಿಚ್ಚಿತು. ತುಟಿಯ ಅದುರಾಟ ನಿಂತಿತು.

"ಪೆರ್ಮಾಡಿದೇವ," ಎಂದಳು ಮಹಾದೇವಿ. ಮೆಲುದನಿ, ಆದರೆ ಸ್ಪಷ್ಟ.

"ಪೆರ್ಮಾಡಿದೇವ." ಈ ಸಲ ಕೊನೆಯ ಸಾಲಿನ ಮಾವುತರಿಗೂ ಕೇಳಿಸಿತು.

ಬುದ್ಧಿವಂತನಾದ ಚಟ್ಟರಸನು ತನ್ನ ಜೀವಮಾನದ ತಪ್ಪನ್ನು ಮಾಡಿದ್ದು ಆಗ. ವರ್ಷಗಟ್ಟಲೆ ಅಫೀಮಿನ ಬಟ್ಟಲು ಕೊಟ್ಟವನು ಅವನು. ಬಟ್ಟಲು ತಪ್ಪಿದೊಡನೆ ಬೇನೆ ಮರಳುವುದನ್ನು ಕಣ್ಣಾರೆ ಕಂಡವನು. ಸೂಜಿಯೂ ಹಾಗೆಯೇ, ಕಿತ್ತೊಡನೆ ನಾಲಗೆ ಕಟ್ಟುತ್ತದೆಂದು ತಿಳಿದು, ಮೂರನೆಯ ಉಚ್ಚಾರಕ್ಕೆ ಮೊದಲೇ ಹಾರಿ ಬಂದು, ಬಾಚಲೆಯನ್ನು ತಳ್ಳಿ, ಸೂಜಿಯನ್ನು ಅಡ್ಡಕ್ಕೆ ಎಳೆದು ಕಿತ್ತನು. ಚರ್ಮ ಹರಿದು ಮಹಾದೇವಿಯ ಕೈಯಿಂದ ರಕ್ತ ತೊಟ್ಟಿಕ್ಕಿತು, ಬಿಳಿಗಲ್ಲಿನ ಮೆಟ್ಟಿಲಿನ ಮೇಲೆ ಬಿತ್ತು.

ಹೊನ್ನಲದೇವಿ ಆ ರಕ್ತವನ್ನು ನೋಡಿದಳು, ಚಟ್ಟರಸನನ್ನು ನೋಡಿದಳು. ಸೂಜಿ ಹೋಗಿತ್ತು, ಅದು ತಂದ ಉಪಶಮನ ಇನ್ನೂ ಹೋಗಿರಲಿಲ್ಲ. ಆಕೆ ಸಿಂಹಾಸನದ ತೋಳು ಬಿಟ್ಟು, ನೆಟ್ಟಗೆ ನಿಂತು, ಹಿಂದೊಮ್ಮೆ ರಣರಂಗದಲ್ಲಿ ಕೂಗಿದಂತೆ ಕೂಗಿದಳು: "ಪೆರ್ಮಾಡಿದೇವ!"

ಜಯಘೋಷ ಕೋಟೆಯ ಗೋಡೆಗಳಿಗೆ ಬಡಿದು ಮರಳಿತು. ಪೆರ್ಮಾಡಿ ಶಿಲಾಶಾಸನವನ್ನು ಮುಟ್ಟಿ ಪ್ರಮಾಣ ಮಾಡಿ ತಿರುಗುವಷ್ಟರಲ್ಲಿ, ಹಳೆಯ ಧರ್ಮಾಧಿಕಾರಿ ಕೋಲೂರಿಕೊಂಡು ಮುಂದೆ ಬಂದು, ಯಾರ ಮುಖವನ್ನೂ ನೋಡದೆ ಹೇಳಿದನು: "ಪ್ರಭು, ಎರಡನೆಯ ಕಟ್ಟಳೆ ಉಳಿದಿದೆ. ಅರಸರ ಚರ್ಮ ಭೇದಿಸಿದ ಕೈ ಒಂದು. ಅರಸರ ರಕ್ತವನ್ನು ನೆಲಕ್ಕೆ ಬೀಳಿಸಿದ ಕೈ ಇನ್ನೊಂದು."

ಆಗಷ್ಟೇ ಚಟ್ಟರಸನು ತನ್ನ ಕೈಯನ್ನು ನೋಡಿಕೊಂಡನು. ಬೆರಳಿಗೆ ರಕ್ತ ಅಂಟಿತ್ತು. ಆದರೂ ಸೋಲುವ ಆಸಾಮಿಯಲ್ಲ; ಗಳಿಗೆಯಲ್ಲೇ ಸ್ವರ ಬದಲಾಯಿಸಿದನು. "ಪ್ರಭು, ಇದು ಶುಭದಿನ. ಈ ಪುಣ್ಯವತಿಯ ಕೈಯಿಂದ ಎಷ್ಟು ಜನ ಬದುಕಿದ್ದಾರೆ! ಆ ಕೈಯನ್ನು ಕಡಿಯುವುದೆ? ಕಲ್ಲು ಹಳೆಯದು. ಪಟ್ಟವೇರುವ ದಿನ ದಯೆ ತೋರಿಸಿ, ಆ ಕಟ್ಟಳೆಯನ್ನು ಬಿಟ್ಟುಬಿಡಿ."

ಪೆರ್ಮಾಡಿಯ ಕಣ್ಣು ತುಂಬಿತು. ಅಜ್ಜಿಗೆ ಮಾತು ಮರಳಿಸಿದವಳ ಕೈಯನ್ನು ಉಳಿಸಲು ಅವನಿಗೂ ಇದೇ ಬೇಕಿತ್ತು. "ಮಹಾಪ್ರಧಾನರು ಹೇಳುವುದು..."

"ಬೇಡ, ಪ್ರಭು!" ಬಾಚಲೆಯ ದನಿ ಕೇಳಿ ಅವನು ಬೆಚ್ಚಿದನು. "ಪ್ರಧಾನರ ದಯೆ ಯಾವ ಬಿಲದಿಂದ ಹೊರಟಿತೆಂದು ನೋಡಿ. ಹೆಸರು ಹೇಳುವ ಕಟ್ಟಳೆ ಇರುವುದು ಯಾವ ಕಲ್ಲಿನಲ್ಲಿ? ಇದೇ ಕಲ್ಲಿನಲ್ಲಿ. ಇಂದು ನನ್ನ ಕೈಗಾಗಿ ಅರ್ಧ ಕಲ್ಲನ್ನು ಒಡೆದರೆ, ನಾಳೆ ಇವರೇ ಸಾಮಂತರ ಮನೆ ಮನೆಗೆ ಹೋಗಿ ಉಳಿದರ್ಧವೂ ಒಡೆದಿದೆ, ಪೆರ್ಮಾಡಿ ಅರಸನೇ ಅಲ್ಲ ಎನ್ನುತ್ತಾರೆ. ದೇವಿಯವರು ಆ ಹೆಸರನ್ನು ಎಂಥ ಬೇನೆಯೊಳಗಿಂದ ಎತ್ತಿ ತಂದರೆಂದು ನಾನು ಬಲ್ಲೆ. ಅದು ನೀರಿನಲ್ಲಿ ಹೋಮವಾಗಲು ನಾನು ಬಿಡುವುದಿಲ್ಲ."

"ಬಾಚಲೆ, ಬಾಯಿ ಮುಚ್ಚು," ಎಂದಳು ಹೊನ್ನಲದೇವಿ. ದನಿ ಒಡೆದಿತ್ತು.

"ಬಾಯಿ ತೆರೆಸುವುದು ನನ್ನ ಕೆಲಸ, ತಾಯಿ. ಮುಚ್ಚುವುದು ಅವರದು." ಅವಳು ಬಲಗೈಯ ಬೆಳ್ಳಿಯ ಕಡಗಗಳನ್ನು ಒಂದೊಂದಾಗಿ ತೆಗೆದು ಮಹಾದೇವಿಯ ಮಡಿಲಿಗೆ ಹಾಕಿದಳು. "ಎಲ್ಲಿ ಕಡಿಯುವವನು? ನನ್ನದು ಮೊದಲು. ಹಿಂದೆ ನಿಂತು ನೋಡಿ, ಮಹಾಪ್ರಧಾನರೆ. ಹೇಗೆ ನೀಡಬೇಕೆಂದು ತಿಳಿದೀತು."

ಕತ್ತಿ ಹಿಡಿದು ಬಂದವನು ಅವಳಿಂದ ನಡುನೋವು ವಾಸಿ ಮಾಡಿಸಿಕೊಂಡಿದ್ದ ಭಟ. ಅವನು ತೋಳಿನಿಂದ ಕಣ್ಣೊರೆಸಿಕೊಂಡನು. "ಅಳಬೇಡವೋ," ಎಂದಳು ಅವಳು. "ಎರಡು ಏಟು ಹಾಕಿಸಬೇಡ. ಒಂದಕ್ಕೇ ಮುಗಿಸು." ಅವನು ಒಂದಕ್ಕೇ ಮುಗಿಸಿದನು. ಅವಳು ಕೂಗಿದಳು, ಕೂಗಲಿಲ್ಲವೆಂದು ಹೇಳಿ ನಾವು ಅವಳನ್ನು ಅವಮಾನಿಸುವುದಿಲ್ಲ. ಕೂಗಿ, ಬಿದ್ದು, ವೈದ್ಯರು ಗಾಯಕ್ಕೆ ಬಟ್ಟೆ ಸುತ್ತುವಾಗ "ಬಿಗಿಯಾಗಿ, ಇನ್ನೂ ಬಿಗಿಯಾಗಿ," ಎಂದು ಅವರನ್ನೂ ಬೈದಳು. ಚಟ್ಟರಸನನ್ನು ಎಳೆದು ತರಬೇಕಾದೀತೆಂದು ಭಟರು ಕಾದಿದ್ದರು. ಅವನು ಬಹಳ ಹೊತ್ತು ಅವಳನ್ನು ನೋಡುತ್ತಿದ್ದು, ಕೊನೆಗೆ ಯಾರ ಸಹಾಯವೂ ಇಲ್ಲದೆ ತಾನೇ ನಡೆದು ಬಂದು ಕೈ ನೀಡಿದನು. ಅಂದಿನಿಂದ ರಾಜಮುದ್ರೆ ಪೆರ್ಮಾಡಿಯ ಬೆರಳಿಗೆ ಬಂತು.

ಪಟ್ಟ ಬಿಟ್ಟ ಮೇಲೆ ಹೊನ್ನಲದೇವಿಗೆ ಕಲ್ಲಿನ ಕಟ್ಟಳೆ ತಾಗುತ್ತಿರಲಿಲ್ಲ. ಆಕೆ ದಿನವೂ ಆರೋಗ್ಯಶಾಲೆಗೆ ಬರತೊಡಗಿದಳು, ಮೊದಲು ಬೈಸಿಕೊಳ್ಳಲು, ಬಳಿಕ ಕಲಿಯಲು. ಬಾಚಲೆಯ ಗಾಯ ಮಾಯ್ದಿತ್ತು, ಆದರೆ ಇಲ್ಲದ ಬೆರಳುಗಳು ನೋಯುತ್ತಿದ್ದವು. ಆ ಕಡೆಯ ನೋವಿಗೆ ಈ ಕಡೆ ಚುಚ್ಚುವುದು ಸೂಚೀವಿದ್ಯೆಯ ಒಂದು ಕ್ರಮ. ಎಡಗೈಗೆ ಚುಚ್ಚಬೇಕು, ಚುಚ್ಚಲು ಅವಳಿಗೆ ಬಲಗೈಯಿಲ್ಲ. ಕತ್ತಿ ಹಿಡಿದು ಒರಟಾದ ಮಹಾದೇವಿಯ ಬೆರಳುಗಳು ಬಾಳೆಯ ದಿಂಡುಗಳನ್ನು ಹಾಳು ಮಾಡಿ ಮಾಡಿ, ಕೊನೆಗೆ ಆ ಕೆಲಸ ಕಲಿತವು. ಬಾಚಲೆಯೂ ಅದೇ ದಿಂಡುಗಳ ಮೇಲೆ ತನ್ನ ಎಡಗೈಯನ್ನು ಪಳಗಿಸುತ್ತಿದ್ದಳು. ಇಬ್ಬರು ಮುದುಕಿಯರು ಜಗಲಿಯಲ್ಲಿ ಕೂತು ಒಬ್ಬರ ತಪ್ಪನ್ನು ಒಬ್ಬರು ಆಡಿಕೊಳ್ಳುವುದನ್ನು ಕೇಳಲು ಭಟರು ಸುಳ್ಳು ತಲೆನೋವು ಹೇಳಿಕೊಂಡು ಬರುತ್ತಿದ್ದರು.

ಮಾಗಿಯ ಒಂದು ಮುಂಜಾನೆ ಪರಿವಾರವಿಲ್ಲದ ಪಲ್ಲಕ್ಕಿಯೊಂದು ಬಾಗಿಲಲ್ಲಿ ಇಳಿಯಿತು. ಒಳಗಿಂದ ಬಂದ ಚಟ್ಟರಸನು ಬಡಕಲಾಗಿದ್ದನು, ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ಮಹಾದೇವಿಯನ್ನು ಕಂಡು ತಲೆ ತಗ್ಗಿಸಿದನು. ಆಕೆ ಮುಖ ತಿರುಗಿಸಿಕೊಂಡಳು, ಎದ್ದು ಹೋಗಲಿಲ್ಲ.

"ಏನಾಗಿದೆ?" ಎಂದು ಕೇಳಿದಳು ಬಾಚಲೆ.

"ಹುಚ್ಚು ಹಿಡಿಯುತ್ತಿದೆ ಎನಿಸುತ್ತದೆ. ಇಲ್ಲದ ಕೈ ಉರಿಯುತ್ತದೆ. ಅಫೀಮು ಕುಡಿದೆ. ಕುಡಿದರೆ..." ಅವನ ಕಣ್ಣು ಮಹಾದೇವಿಯ ಕಡೆ ಹೊರಳಿತು.

"ಹುಚ್ಚಲ್ಲ. ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡು, ಬಿಚ್ಚಲು ಬಾರದೆ ಉಗುರು ಒತ್ತಿದಂತೆ. ಅಲ್ಲವೆ?"

ಚಟ್ಟರಸನು ಬೆರಗಾಗಿ ತಲೆಯೆತ್ತಿದನು. "ನಿಮಗೆ ಹೇಗೆ..." ಎಂದವನ ಕಣ್ಣು ಅವಳ ಮೋಟು ಮಣಿಕಟ್ಟಿನ ಮೇಲೆ ನಿಂತಿತು.

"ನಾನು ನಿಮ್ಮನ್ನು ಕ್ಷಮಿಸಿದೆನೆಂದು ತಿಳಿದು ಹೋಗಬೇಡಿ," ಎಂದಳು ಬಾಚಲೆ, ಕುದಿನೀರಿನಿಂದ ತೆಗೆದಿಟ್ಟ ಸೂಜಿಯನ್ನು ಎಡಗೈಗೆ ಎತ್ತಿಕೊಳ್ಳುತ್ತ. "ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ. ಈ ಕೈ ಇನ್ನೂ ಪಳಗಿಲ್ಲ, ಸ್ವಲ್ಪ ನೋಯುತ್ತದೆ. ಕುಳಿತುಕೊಳ್ಳಿ. ಕೈ ಕೊಡಿ."

ಅವನು ಕುಳಿತನು. ಹೊದ್ದ ಶಾಲನ್ನು ಸರಿಸಿ, ಕಡಿದ ತೋಳನ್ನು ಮುಂದೆ ನೀಡಿದನು.

"ಅದಲ್ಲ, ಸ್ವಾಮಿ," ಎಂದಳು ಬಾಚಲೆ. "ಇರುವ ಕೈ ಕೊಡಿ."